ಒಂದು ಬದಲಾದರೆ ಮೊದಲಿಂದ ಶುರು

ನನ್ನ ಸೋದರಮಾವನಷ್ಟು ಕಾಡತೂಸು ತುಂಬಿದವರು ಪುಣೆಯಲ್ಲಿ ಇನ್ನೊಬ್ಬರಿರಲಿಲ್ಲ. ಅವರಷ್ಟು ಅಂಜುಬುರುಕರೂ ಇನ್ನೊಬ್ಬರಿರಲಿಲ್ಲ! ಎರಡೂ ಮಾತಿಗೆ ಸಾಕ್ಷಿಗಳಿದ್ದಾರೆ. ಮೊದಲನೆಯದಕ್ಕೆ ಕ್ಯಾಂಪಿನ ಬಂದೂಕಿನ ಅಂಗಡಿಯ ಗಿರಾಕಿಗಳು, ಎರಡನೆಯದಕ್ಕೆ ನಮ್ಮ ಮಾಮಿ. ನಾನು ಪತ್ರಿಕೆಯಲ್ಲಿ ಕೆಲಸ ಮಾಡುವವನು. ಇಬ್ಬರನ್ನು ಕೇಳದೆ ಒಂದು ಸಾಲನ್ನೂ ಅಚ್ಚಿಗೆ ಕಳಿಸುವ ಅಭ್ಯಾಸ ನನಗಿಲ್ಲ.

ಮಾಮಾ ಧಾರವಾಡದ ಕಡೆಯವರು. ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಇಪ್ಪತ್ತು ವರ್ಷ ಕೂತವರು. ನಾನು ಅವರ ಮನೆಯಲ್ಲಿ ಇರತೊಡಗಿದ್ದು ಯುದ್ಧದ ಕಾಲದಲ್ಲಿ. ವಿಲಾಯತಿನಿಂದ ಬರುವ ಹಡಗುಗಳಲ್ಲಿ ಸಿಪಾಯಿಗಳ ಸಾಮಾನಿಗೇ ಜಾಗವಿರಲಿಲ್ಲ; ಶಿಕಾರಿಯವರ ಕಾಡತೂಸು ಯಾರಿಗೆ ಬೇಕು? ಹಿಂದೆ ಗುಂಡು ಹಾರಿಸಿ ಖಾಲಿ ಹಿತ್ತಾಳೆಯ ಕವಚವನ್ನು ಬೂಟಿನಿಂದ ಒದ್ದು ಹೋಗುತ್ತಿದ್ದ ದೊಡ್ಡ ಮನುಷ್ಯರು ಈಗ ಹುಲ್ಲಿನಲ್ಲಿ ಮಂಡಿಯೂರಿ ಅದನ್ನೇ ಹುಡುಕುತ್ತಿದ್ದರು. ಕರವಸ್ತ್ರದಲ್ಲಿ ಕಟ್ಟಿಕೊಂಡು ಮಾಮಾನ ಮುಂದೆ ತಂದಿಡುತ್ತಿದ್ದರು.

ಹಿತ್ತಾಳೆಯ ಬುಡದಲ್ಲಿ ತೊಗರಿಬೇಳೆಯಷ್ಟು ದೊಡ್ಡ ಒಂದು ಟೋಪಿ ಇರುತ್ತದೆ. ಬಂದೂಕಿನ ಸೂಜಿ ಬಡಿದಾಗ ಕಿಡಿ ಹಾರಿಸಿ ಒಳಗಿನ ಮದ್ದಿಗೆ ಬೆಂಕಿ ಕೊಡುವುದು ಅದೇ. ಮಾಮಾ ಸುಟ್ಟ ಟೋಪಿಯನ್ನು ತೆಗೆದು ಹೊಸದನ್ನು ಕೂರಿಸಿ, ಅಕ್ಕಸಾಲಿಯ ತಕ್ಕಡಿಯಲ್ಲಿ ಮದ್ದು ತೂಗಿ ಹಾಕಿ, ಮೇಲೆ ಗುಂಡು ಒತ್ತುತ್ತಿದ್ದರು. ಕೆಲಸ ಇಷ್ಟೇ. ಆದರೆ ಯುದ್ಧದಲ್ಲಿ ಈ ತಿಂಗಳು ಒಂದು ಕಾರ್ಖಾನೆಯ ಟೋಪಿ ಸಿಕ್ಕರೆ ಮುಂದಿನ ತಿಂಗಳು ಇನ್ನೊಂದರದು. ಹಿತ್ತಾಳೆಯೂ ಹಾಗೆಯೇ, ಹತ್ತು ಕಡೆಯದು. ಉಳಿದವರು ಸಿಕ್ಕಿದ್ದನ್ನು ತುಂಬಿ ಕೊಡುತ್ತಿದ್ದರು. ಮಾಮಾ ಮಾತ್ರ ಒಪ್ಪುತ್ತಿರಲಿಲ್ಲ.

"ಒಂದು ಬದಲಾತಂದ್ರ ಮೊದಲಿಂದ ಸುರು" ಎನ್ನುತ್ತಿದ್ದರು.

ಅಂದರೆ, ಟೋಪಿ ಬದಲಾದರೆ ಮದ್ದನ್ನು ತೀರಾ ಕಡಿಮೆಗೆ ಇಳಿಸಬೇಕು. ಊರಾಚೆಯ ಕಲ್ಲುಗಣಿಯಲ್ಲಿ ಒಂದು ಹಾರಿಸಿ, ಹಿತ್ತಾಳೆಯನ್ನು ಭೂತಗನ್ನಡಿಯಲ್ಲಿ ನೋಡಿ, ಮರುದಿನ ಒಂದಿಷ್ಟು ಏರಿಸಬೇಕು. ಎಲ್ಲವನ್ನೂ ಕೆಂಪು ಪುಸ್ತಕದಲ್ಲಿ ಬರೆಯಬೇಕು. ಕೊನೆಗೊಂದು ದಿನ ಸರಿಹೋದಾಗ ಆ ಸಾಲಿನ ಮುಂದೆ ಒಂದೇ ಶಬ್ದ: 'ಬರೋಬ್ಬರಿ'. ಆ ಶಬ್ದ ಬರುವತನಕ ಗಿರಾಕಿ ಕಾಯಬೇಕು.

"ಹಿತ್ತಾಳಿ ಹಿತ್ತಾಳಿಗೆ ಏನು ಫರಕ್ರಿ?" ಎಂದು ಒಮ್ಮೆ ಕೇಳಿದೆ. ಅಡಿಗೆಮನೆಯಿಂದ ಎರಡು ಲೋಟ ತಂದು ನನ್ನ ಮುಂದಿಟ್ಟರು.

"ಹೊರಗಿಂದ ಎರಡೂ ಒಂದ ಕಾಣತಾವ. ಇದರ ಗ್ವಾಡಿ ದಪ್ಪ, ಒಳಗ ಜಾಗಾ ಕಡಿಮಿ. ಅದರಾಗ ಹಿಡಿಯೂ ಅಷ್ಟು ಇದರಾಗ ತುರುಕಿದರ ಏನಾಗ್ತದ?"

"ಚೆಲ್ಲತದ."

"ನೀರು ಚೆಲ್ಲತದ. ಮದ್ದು ಸಿಡೀತದ!"

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಮಾಮಾ ಈ ಕಾಯಿದೆಯನ್ನು ಮನೆಗೂ ತಂದರು!

ಸಕ್ಕರೆಗೆ ರೇಷನ್ ಬಂತು. ಮಾಮಿ ಚಹಕ್ಕೆ ಬೆಲ್ಲ ಹಾಕಿದರು. ಮಾಮಾ ಕಪ್ಪನ್ನು ಕೆಳಗಿಟ್ಟು, "ಸಕ್ರಿ ಬದಲಾಗೇದ. ಪುಡಿನೂ ಮೊದಲಿಂದ ಸುರು" ಎಂದರು. ಮೊದಲ ದಿನ ಒಂದು ಚಿಟಿಕೆ ಪುಡಿ. ಎರಡನೆಯ ದಿನ ಒಂದೂಕಾಲು. ಪುಸ್ತಕದ ಹಿಂಬದಿಯಲ್ಲಿ ದಿನವೂ ದಾಖಲೆ! ಇಪ್ಪತ್ತೊಂದನೆಯ ದಿನ 'ಬರೋಬ್ಬರಿ' ಬಿತ್ತು.

"ಮೂರು ವಾರ ಬಿಸಿನೀರು ಕುಡದೇನಿ," ಎಂದು ಮಾಮಿ ನನಗೆ ದೂರಿದರು. "ನಿಮ್ಮ ಮಾಮಾಗ ಸಿಡಿತದಂತ ಅಂಜಿಕಿ. ಚಹಾ ಎಲ್ಲೆರೆ ಸಿಡೀತದೇನಪಾ?"

ಮುಂದೆ ನಮ್ಮ ಪೇಠೆಯ ಕ್ಷೌರಿಕ ಊರು ಬಿಟ್ಟು ಹೋದ. ಹೊಸಬ ಬಂದ. ಮಾಮಾ ಮಣೆಯ ಮೇಲೆ ಕೂತು ಆಜ್ಞೆ ಮಾಡಿದರು: "ಇವತ್ತು ಎಡಗೆನ್ನಿ ಅಷ್ಟ." ಅಂದು ಅರ್ಧ ಗಡ್ಡದಲ್ಲೇ ಅಂಗಡಿಗೆ ಹೋದರು! ದಾರಿಯಲ್ಲಿ ಕಂಡವರೆಲ್ಲ ಸಾಬೂನು ತೀರಿತೇ ಎಂದು ಕೇಳಿದರಂತೆ.

ಇಂಥವರ ಮೇಜಿನ ಮುಂದೆ ಒಂದು ಸೋಮವಾರ ದೌಂಡದ ಕಡೆಯ ಇನಾಮದಾರರು ಬಂದು ನಿಂತರು. ಮೀಸೆ ಎಂದರೆ ಅವರದು. ಎರಡು ತುದಿಯೂ ಕಿವಿಯ ಜೊತೆ ಮಾತಾಡುವಂತಿದ್ದವು. ಚೀಲದಿಂದ ಮೂವತ್ತು ಖಾಲಿ ಹಿತ್ತಾಳೆ ಸುರಿದರು, ಮೂರು ಕಡೆಯವು. ಭಾನುವಾರ ಕಬ್ಬಿನ ಗದ್ದೆಯಲ್ಲಿ ಹಂದಿ ಶಿಕಾರಿ, ಕಲೆಕ್ಟರ್ ಸಾಹೇಬರು ಬರುತ್ತಾರೆ, ಶನಿವಾರ ಎಲ್ಲವೂ ಭರ್ತಿ ತುಂಬಿ ಸಿಗಬೇಕು ಎಂದು ಮರಾಠಿಯಲ್ಲಿ ಗುಡುಗಿದರು. ಅಂಗಡಿಯಲ್ಲಿದ್ದ ಟೋಪಿಗಳೋ ಹಿಂದಿನ ದಿನವಷ್ಟೇ ಬಂದವು, ಹೊಸ ಕಾರ್ಖಾನೆಯ ಮಾಲು.

"ಟೋಪಿ ಹೊಸದು, ಹಿತ್ತಾಳೆ ಮೂರು ತರಹದ್ದು. ಮೂರು ವಾರ ಬೇಕು ಸಾಹೇಬ" ಎಂದರು ಮಾಮಾ.

"ಮೂರು ವಾರ ಹಂದಿ ನಿಂತಿರುತ್ತದೆಯೇ?"

"ಹಂದಿಗೆ ಅವಸರವಿಲ್ಲ ಸಾಹೇಬ."

ಅಂಗಡಿಯ ಮಾಲಕರಿಗೆ ಈ ಉತ್ತರ ಸೇರಲಿಲ್ಲ. ಇನಾಮದಾರರು ಹೋದ ಮೇಲೆ ಒಳಗೆ ಬಂದು, "ಶನಿವಾರ ತುಂಬಿ ಕೊಡು. ಇಲ್ಲವಾದರೆ ಸೋಮವಾರದಿಂದ ಬರಬೇಡ" ಎಂದರು.

ಆ ವಾರ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಮಾಮಾನಿಗೆ ಆಗಲೇ ಐವತ್ತಮೂರು. ಬೇರೆ ಕಸುಬು ಬಾರದು. ಗಡ್ಡವನ್ನು ಅರ್ಧರ್ಧ ಮಾಡಿಸುವ ಮನುಷ್ಯನನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ?

"ತುಂಬಿ ಕೊಟ್ಟು ಕೈ ತೊಳಕೋರಿ," ಎಂದರು ಮಾಮಿ. "ಹೊಡಿಯಾಂವ ಅವ. ನಿಮಗೇನು ಅಂಜಿಕಿ?"

"ಅಲ್ಲೇ ಅದ ಅಂಜಿಕಿ. ಬಂದೂಕಿನ ಹಂತ್ಯಾಕ ಇರೂದು ಅವನ ಕಣ್ಣು. ನನ್ನ ಕಣ್ಣಾಗಿದ್ರ ಒಂದು ಕೈ ನೋಡತಿದ್ದೆ."

"ನೌಕರಿ ಹೋದ ಮ್ಯಾಲೆ ಕೆಂಪು ಪುಸ್ತಕಾ ಬೇಯಿಸಿ ಬಡಸಲ್ಯಾ?"

ಶನಿವಾರ ಮಾಮಾ ಮೂವತ್ತು ಕಾಡತೂಸುಗಳನ್ನು ಮಾಲಕರ ಮುಂದೆ ಸಾಲಾಗಿ ನಿಲ್ಲಿಸಿದರು. ಜೊತೆಗೊಂದು ಚೀಟಿ: 'ಮದ್ದು ಕಡಿಮೆ ಇದೆ. ಹಲಗೆಗೆ ಗುರಿ ಹಿಡಿಯಲು ಮಾತ್ರ. ಹಂದಿಗೆ ಅಲ್ಲ.' ಮಾಲಕರು ಚೀಟಿ ಓದಿದರು, ಹರಿದರು, ಬಾಗಿಲು ತೋರಿಸಿದರು.

ಓದುಗರಿಗೆ ಇನಾಮದಾರರ ಚಿಂತೆ ಹತ್ತಿರಬಹುದು. ಅದನ್ನು ಮೊದಲು ಮುಗಿಸುತ್ತೇನೆ. ಮಾಲಕರು ಇನ್ನೊಬ್ಬನನ್ನು ಕೂರಿಸಿ ಅಷ್ಟನ್ನೂ ಬಿಚ್ಚಿಸಿ ಭರ್ತಿ ತುಂಬಿಸಿದರು. ಭಾನುವಾರ ಕಬ್ಬಿನಿಂದ ಹಂದಿ ಹೊರಗೆ ಬಂತು. ಇನಾಮದಾರರು ಬಂದೂಕಿನ ಕುದುರೆ ಎಳೆದರು. ಹಿತ್ತಾಳೆ ಸೀಳಿ ಬೆಂಕಿಯ ಉಗಿ ಹಿಂದಕ್ಕೆ ನುಗ್ಗಿತು. ಕನ್ನಡಕವಿದ್ದುದರಿಂದ ಕಣ್ಣು ಉಳಿಯಿತು. ಬಲಗಡೆಯ ಮೀಸೆ ಮಾತ್ರ, ಕಲೆಕ್ಟರ್ ಸಾಹೇಬರ ಸಮಕ್ಷಮದಲ್ಲಿ, ಪೂರ್ತಿ ಮಾಯ! ಹಂದಿ ನಿಂತು ನೋಡಿ ನಕ್ಕಿತೆಂದು ಹಂದಿ ಎಬ್ಬಿಸಲು ಗದ್ದೆ ಸೋವುತ್ತಿದ್ದ ಆಳು ಹೇಳಿದ. ಇದಕ್ಕೆ ಎರಡನೆಯ ಸಾಕ್ಷಿ ನನಗೆ ಸಿಗಲಿಲ್ಲ.

ಮಂಗಳವಾರ ಮಾಲಕರು ತಾವೇ ನಮ್ಮ ವಾಡೆಯ ಮೆಟ್ಟಿಲು ಹತ್ತಿ ಬಂದರು. ನಾಳೆಯಿಂದ ಬಾ ಎಂದರು. ಮಾಮಾ ಸ್ವಲ್ಪ ಯೋಚಿಸಿದರು.

"ಮಾಲಕರ ಮನಸ್ಸು ಬದಲಾಗಿದೆ. ಹೊಸ ಮಾಲು. ಮೊದಲ ವಾರ ಅರ್ಧ ದಿನ ಬರುತ್ತೇನೆ!"

ಊರಿನವರು ಇಂದಿಗೂ ನಗುತ್ತ ಹೇಳುವುದು ಆ ಅರ್ಧ ಮೀಸೆಯ ಕಥೆಯನ್ನು. ನನ್ನ ನೆನಪಿನಲ್ಲಿ ಉಳಿದದ್ದು ಅದಲ್ಲ. ಮೀಸೆ ಇನ್ನೂ ಸುಟ್ಟಿರಲಿಲ್ಲ, ಮಾಮಾ ಸರಿಯೆಂದು ಹೇಳಲು ಜಗತ್ತಿನಲ್ಲಿ ಯಾರೂ ಇರಲಿಲ್ಲ. ಆ ಶನಿವಾರದ ಸಂಜೆ.

ಮಾಮಾ ಎಂದಿನ ಹೊತ್ತಿಗೇ ಬಂದರು. ತಲೆಯ ಟೋಪಿ ಗೂಟಕ್ಕೆ ಹಾಕಿ ಗೋಡೆಗೊರಗಿ ಕೂತರು. ಬಗಲಲ್ಲಿ ಕರವಸ್ತ್ರದಲ್ಲಿ ಸುತ್ತಿದ ತಕ್ಕಡಿ ಇತ್ತು. ಅದು ಅವರ ಸ್ವಂತದ್ದು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಮನೆಗೆ ಬಂದಿರಲಿಲ್ಲ. ಮಾಮಿ ಅದನ್ನು ನೋಡಿದರು. ಎದ್ದು ಒಳಗೆ ಹೋದರು. ಈಗ ಪಾತ್ರೆಗಳ ಸದ್ದಾಗುತ್ತದೆ, ಬೈಗುಳ ಬರುತ್ತದೆ ಎಂದು ನಾನು ಕಾದೆ. ಬಂದದ್ದು ಚಹಾ.

ಮಾಮಾ ಕಪ್ಪಿನೊಳಗೆ ಇಣುಕಿದರು. ತಳ ಕಾಣುತ್ತಿತ್ತು.

"ಇದೇನು? ಪುಡಿ ತೀರೇದೇನು?"

"ಡಬ್ಬಿ ತುಂಬ ಅದ."

"ಮತ್ತ?"

ಮಾಮಿ ಎದುರಿಗೆ ಕೂತರು. ಕೈಯಲ್ಲಿ ಅಷ್ಟೇ ತಿಳಿಯಾದ ಇನ್ನೊಂದು ಕಪ್ಪು.

"ಒಂದು ಬದಲಾತಲ್ರಿ," ಎಂದರು. "ಮೊದಲಿಂದ ಸುರು ಮಾಡೂಣು."

ಮಾಮಾ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದರು. ಆ ಬಿಸಿನೀರನ್ನು ಕೊನೆಯ ಗುಟುಕಿನವರೆಗೆ ಕುಡಿದರು. ಆಮೇಲೆ ಕೆಂಪು ಪುಸ್ತಕದ ಹಿಂಬದಿ ತೆರೆದು, ಪೆನ್ಸಿಲ್ ಒದ್ದೆ ಮಾಡಿಕೊಂಡು ಬರೆದರು. ಅವರು ಕೈ ತೊಳೆಯಲು ಎದ್ದಾಗ ನಾನು ನೋಡಿದೆ.

'ಮೊದಲನೆಯ ದಿನ. ಒಂದು ಚಿಟಿಕೆ. ಬರೋಬ್ಬರಿ.'