ಅಳೆಯುವವನ ಅಳತೆ

ಹುಣಸೂರು ತಾಲ್ಲೂಕಿನ ಅರ್ಧ ಜಮೀನನ್ನು ಅಳೆದು ಮುಗಿಸಿದ್ದ ಸರ್ವೆಯರ್ ನಂಜುಂಡೇಶನನ್ನು ಆ ದಿನ ಬೆಳಿಗ್ಗೆ ಯಾರೋ ಅಳೆಯುತ್ತಿದ್ದರು.

ಕಾಲಿನ ಹೆಬ್ಬೆರಳಿಗೆ ಕಚಗುಳಿಯಾಗಿ ಎಚ್ಚರವಾಯಿತು. ಕಣ್ಣು ಬಿಟ್ಟರೆ ಬೀಬಿಜಾನ್ ಉಲ್ಲನ್ ಅಂಗಡಿಯ ಬೆಂಚು. ಬೆಂಚಿನ ಮೇಲೆ ಅಂಗಾತ ತಾನು. ತನ್ನ ಮೇಲೆ ನೆತ್ತಿಯಿಂದ ಪಾದದವರೆಗೆ ಬೂದುಬಣ್ಣದ ಒಂದು ಉಲ್ಲನ್ ಎಳೆ. ಆ ತುದಿಯನ್ನು ಸ್ವಂತ ಹೆಂಡತಿ ಪ್ರಮೀಳಾ ಹಿಡಿದಿದ್ದಳು. ಈ ತುದಿಯಲ್ಲಿ ಅವಳ ಹೆಣಿಗೆಯ ಗೆಳತಿ ಬಸವಮ್ಮ ಗುರುತಿನ ಗಂಟು ಹಾಕುತ್ತಿದ್ದಳು.

"ಅಲ್ಲಾಡ್ಬ್ಯಾಡಿ ಸಾ," ಎಂದಳು ಬಸವಮ್ಮ. "ಎಲ್ಲಾ ಅಳ್ದಾಯ್ತು. ಇದೊಂದು ಬೆಳ್ಳು ಬಾಕಿ. ದೀಪ ಅಚ್ಚೋ ವೊತ್ಗೆ ಮುಗ್ದೋಯ್ತದೆ."

"ಏನು ಮುಗಿಯತ್ತೆ?"

ಇಬ್ಬರೂ ಮುಖ ಮುಖ ನೋಡಿಕೊಂಡರು. "ನೀವು ಮಲ್ಕೊಳ್ರೀ," ಎಂದಳು ಪ್ರಮೀಳಾ, ಮದುವೆಯಾದಂದಿನಿಂದ ಅವನು ಕೇಳಿರದಷ್ಟು ಮೆತ್ತಗಿನ ದನಿಯಲ್ಲಿ. ಆ ಮೆತ್ತಗಿನ ದನಿಗೇ ಅವನ ನಿದ್ದೆ ಪೂರ್ತಿ ಹಾರಿಹೋಯಿತು.

ಮಲಗಿದವರನ್ನು ದಾರದಲ್ಲಿ ಅಳೆಯಬಾರದು, ಅದು ಮತ್ತೆ ಏಳದವರಿಗೆ ಮಾತ್ರ ಎಂದು ಪಿರಿಯಾಪಟ್ಟಣದ ಅವನ ಅಜ್ಜಿ ಹೇಳುತ್ತಿದ್ದಳು. ಊರವರಿಗೆಲ್ಲ ಎಕರೆ ಗುಂಟೆ ಬಿಡಿಸಿಕೊಟ್ಟ ತನಗೆ ಆರಡಿ ಮೂರಡಿಯ ಲೆಕ್ಕ ಇಷ್ಟು ಬೇಗ ಬಂತೇ ಎಂದುಕೊಂಡು ನಂಜುಂಡೇಶ ಮೆಲ್ಲಗೆ ಕಾಲು ಮಡಚಿಕೊಂಡ.

ಈ ಅಂಗಡಿಯ ಪದ್ಧತಿಯೇ ವಿಚಿತ್ರ. ದಸರಾ ಮುಗಿದು ಚಳಿ ಮೂಡಿತೆಂದರೆ ಇಲ್ಲಿ 'ಗುಟ್ಟಿನ ಹೆಣಿಗೆ' ಶುರು. ಬಸ್ ಸ್ಟ್ಯಾಂಡ್ ಹಿಂದಿನ ಬೀದಿಗಳ ಹೆಂಗಸರು ದಿನಾ ಬಂದು ಕೂತು ಒಟ್ಟಾಗಿ ಒಂದೇ ವಸ್ತು ಹೆಣೆಯುತ್ತಾರೆ. ಯಾರಿಗೆ ಯಾವ ತುಂಡು ಎಂಬುದನ್ನು ಬೀಬಿಜಾನ್ ಕಿವಿಯಲ್ಲಿ ಹೇಳುತ್ತಾಳೆ. ತುಂಡುಗಳನ್ನೆಲ್ಲ ಸೇರಿಸಿ ಅವಳು ಕೊನೆಯ ಗಂಟು ಹಾಕುವ ತನಕ ಏನು ಹೆಣೆದರೆಂದು ಹೊರಗಿನವರಿಗೆ, ಅದರಲ್ಲೂ ಗಂಡಂದಿರಿಗೆ, ತಿಳಿಯಕೂಡದು. ಅಂಗಡಿಯೊಳಗೆ ಟೇಪಿಗೆ ಪ್ರವೇಶವಿಲ್ಲ. "ಟೇಪು ಅಂದಾಜು ಹೇಳ್ತದೆ ಬೇಟಾ, ನೂಲು ನಿಜ ಹೇಳ್ತದೆ," ಎಂದು ಬೀಬಿಜಾನ್ ಸರ್ವೆಯರ್ ಎದುರಿಗೇ ಅಂದಿದ್ದಳು. ನಂಜುಂಡೇಶನ ಪಾಲಿಗೆ ಬಂದ ಕೆಲಸವೆಂದರೆ ಹೆಂಡತಿಯನ್ನು ಸ್ಕೂಟರಿನಲ್ಲಿ ತಂದುಬಿಡುವುದು, ಬೆಂಚಿನ ಮೇಲೆ ಗೊರಕೆ ಹೊಡೆಯುವುದು, ವಾಪಸು ಕರೆದೊಯ್ಯುವುದು.

ಇವತ್ತು ಗೊರಕೆ ಬರಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದ. ಬೀಬಿಜಾನ್‌ಳ ಸೊಸೆ ಫರ್ಹಾನಾ ಒಂದು ಕೈ ಹೆಣೆಯುತ್ತಿದ್ದಳು. ಆ ಕೈಯ ಕಿರುಬೆರಳು ಸೊಟ್ಟಗಿತ್ತು. ಸರ್ವೆ ಸರಪಳಿಗೆ ಸಿಕ್ಕಿ ಮುರಿದು ಸೊಟ್ಟಗೆ ಕೂಡಿಕೊಂಡಿದ್ದ ತನ್ನ ಕಿರುಬೆರಳನ್ನು ನಂಜುಂಡೇಶ ಮೆಲ್ಲಗೆ ಜೇಬಿಗೆ ತಳ್ಳಿದ. ಕಾಲೇಜು ಹುಡುಗಿ ಪೂಜಾ ಒಂದು ಕಿವಿ ಹೆಣೆದು, ಅವನ ಕಡೆ ನೋಡಿ, ಒಂದಿಷ್ಟು ಬಿಚ್ಚಿ, ಇನ್ನೂ ಅಗಲ ಮಾಡಿದಳು. ಕಡ್ಡಿಗಳು ಟಿಕ್ ಟಿಕ್ ಎನ್ನುತ್ತಿದ್ದವು, ಗೋಡೆಯಲ್ಲಿ ಹಲ್ಲಿಗಳೆಲ್ಲ ಸಭೆ ಸೇರಿದಂತೆ. ಹೆಣಿಗೆ ಎಂಬ ಮಾತಿನ ಮೊದಲರ್ಧದಲ್ಲೇ ಏನು ಮಲಗಿದೆ ಎಂಬುದು ಅವನಿಗೆ ಇಂದೇ ಹೊಳೆಯಿತು.

ಗಾಳಿ ಬೇಕೆನಿಸಿ ಎದ್ದು ಬೀದಿಬಾಗಿಲಿಗೆ ಬಂದ. ಅಲ್ಲಿ ಗಾಜಿನ ಬೀರು. ಅದರೊಳಗೆ ಹೋದ ವರ್ಷದ ಗುಟ್ಟು: ಮಂಕಿಕ್ಯಾಪು, ಖಾಕಿ ಸ್ವೆಟರು, ಉಲ್ಲನ್ ಮೀಸೆಯ ಆಳೆತ್ತರದ ಮುದುಕ. ಎಷ್ಟು ಅಚ್ಚುಕಟ್ಟೆಂದರೆ ಬೀದಿನಾಯಿಗಳು ದಿನವೂ ನಿಂತು ಬೊಗಳಿಯೇ ಮುಂದೆ ಹೋಗುತ್ತಿದ್ದವು. ಥೇಟ್ ಬಸವಮ್ಮನ ಗಂಡನ ಹಾಗೆ. ಅವನು ಹೋದ ಚಳಿಗಾಲದಲ್ಲಿ ಕೊಡಗಿನ ಎಸ್ಟೇಟಿಗೆ ಕೆಲಸಕ್ಕೆ ಹೋದವನು ಈ ಕಡೆ ತಲೆ ಹಾಕಿರಲಿಲ್ಲ.

"ಯಜಮಾನ್ರು ಹೇಗಿದಾರೆ ಬಸವಮ್ಮ?" ಎಂದ, ಏನಾದರೊಂದು ಮಾತಾಡಬೇಕಲ್ಲ ಎಂದು.

"ಚೆಂದಾಗವ್ರೆ ಸಾ. ಮೊದ್ಲಂಗೆ ಕುಡ್ತ ಇಲ್ಲ, ಜಗ್ಳ ಇಲ್ಲ. ನಿಂತ ಕಡೆ ನಿಂತವ್ರೆ," ಎಂದು ಬಸವಮ್ಮ ಸೆರಗಿನಿಂದ ಬೀರಿನ ಗಾಜು ಒರೆಸಿದಳು.

ಗೊಂಬೆ ತನ್ನನ್ನೇ ನೋಡಿದಂತಾಗಿ ನಂಜುಂಡೇಶ ಸೀದಾ ಎದುರಿನ ಟೀ ಅಂಗಡಿಗೆ ನಡೆದ. ಅಲ್ಲಿ ಅವನ ಗೆಳೆಯ ಉಮಾಶಂಕರ, ಯಾರ ತೊಂದರೆಯನ್ನಾದರೂ ಎರಡರಷ್ಟು ಮಾಡಿಕೊಡುವ ಗಾವಡಗೆರೆಯವನು, ಬನ್ನು ಅದ್ದುತ್ತ ಕೂತಿದ್ದ.

ಎಲ್ಲ ಕೇಳಿಸಿಕೊಂಡು ಬನ್ನು ಕೆಳಗಿಟ್ಟ. "ಮಲಗಿದ್ದಾಗ ಅಳತೆ ತಗುಂಡ್ರಾ?"

"ಹೂಂ ಕಣೋ."

"ಅಂಗಾತವಾ, ಮಗ್ಗುಲಾ?"

"ಅಂಗಾತ."

ಉಮಾಶಂಕರ ಒಂದು ನಿಟ್ಟುಸಿರು ಬಿಟ್ಟ. "ಮಗ್ಗುಲಾಗಿದ್ರೆ ಏನಾರ ಮಾಡ್ಬೋದಿತ್ತು. ನೋಡ್ಲಾ, ಕೊನೆ ಗಂಟು ಬಿದ್ಮೇಲೆ ಯಾರ್ ಕೈಲೂ ಆಗಕಿಲ್ಲ. ಗಂಟು ಬೀಳಕ್ ಮುಂಚೆ ಬಿಚ್ಚಾಕ್ಬುಡು. ಪೂರ್ತಿ, ಒಂದೆಳೆ ಬುಡ್ದಂಗೆ." ಆಮೇಲೆ ಟೀ ಕುಡಿದು, ದನಿ ತಗ್ಗಿಸಿ ಕೇಳಿದ: "ಅಕಸ್ಮಾತ್ ಏನಾರ ಆದ್ರೆ, ನಿನ್ ಸ್ಕೂಟ್ರು ನಂಗೇ ಅಂತ ಪ್ರಮೀಳಕ್ಕಂಗೆ ಒಂದ್ ಮಾತು ಏಳಿರು."

ಮಧ್ಯಾಹ್ನ ಹೆಂಗಸರೆಲ್ಲ ಅಂಗಡಿಯ ಹಿಂದಿದ್ದ ಬೀಬಿಜಾನ್ ಮನೆಗೆ ಊಟಕ್ಕೆ ಹೋದಾಗ ನಂಜುಂಡೇಶ ಅಂಗಡಿಗೆ ನುಗ್ಗಿದ. ಚಪ್ಪಲಿ ಸದ್ದಾಗದಿರಲೆಂದು ಅವನ್ನು ಕಂಕುಳಲ್ಲಿ ಇರುಕಿಕೊಂಡಿದ್ದ. ಒಳಕೋಣೆಯಲ್ಲಿ ಉಲ್ಲನ್ ಉಂಡೆಗಳು ಗುಡ್ಡೆ ಬಿದ್ದಿದ್ದವು. ಅವುಗಳ ನಡುವೆ ಚಾಪೆ. ಚಾಪೆಯ ಮೇಲೆ, ಬಿಳಿಯ ದುಪ್ಪಟಿಯ ಕೆಳಗೆ, ಯಾರೋ ಮಲಗಿದ್ದರು.

ದುಪ್ಪಟಿ ಸರಿಸಿದ. ಮಲಗಿದ್ದವನು ಅವನೇ.

ಅದೇ ಬೋಳುನೆತ್ತಿ, ಅದೇ ಹೊಟ್ಟೆ, ಗಲ್ಲದ ಮೇಲೆ ಅದೇ ಜಾಗದಲ್ಲಿ ಕರಿ ಉಲ್ಲನ್ನಿನ ಮಚ್ಚೆ. ಕಣ್ಣು ಮುಚ್ಚಿ, ಬಾಯಿ ಅರೆ ತೆರೆದು, ಈಗಲೋ ಆಗಲೋ ಗೊರಕೆ ಹೊಡೆಯುವಂತಿತ್ತು. ಬಲಗಾಲಿನ ಹೆಬ್ಬೆರಳು ಮಾತ್ರ ಪೂರ್ತಿಯಾಗದೆ ಅಲ್ಲಿಂದ ಒಂದು ಎಳೆ ಜೋತುಬಿದ್ದಿತ್ತು. ನಂಜುಂಡೇಶ ಅದನ್ನು ಹಿಡಿದು ಎಳೆದ.

ಅವನ ಸ್ವಂತ ಹೆಬ್ಬೆರಳಿಗೆ ಕಚಗುಳಿಯಾಯಿತು.

ನಿಲ್ಲಿಸಿದ, ಕಚಗುಳಿ ನಿಂತಿತು. ಎಳೆದ; ಮತ್ತೆ ಆಯಿತು. ಹೆದರಿಕೆಯಿಂದ ಅಳು, ಕಚಗುಳಿಯಿಂದ ನಗು, ಎರಡೂ ಒಟ್ಟಿಗೆ ಬಂದು ಗಂಟಲಲ್ಲಿ ಆಟೋ ಸ್ಟಾರ್ಟಾಗದ ಸದ್ದು ಹೊರಟಿತು. ಆದರೂ ಬಿಡಲಿಲ್ಲ. ಪಾದ ಹೋಯಿತು, ಮೊಣಕಾಲು ಹೋಯಿತು, ಹೊಟ್ಟೆಗೆ ಬಹಳ ಹೊತ್ತು ಹಿಡಿಯಿತು. ಕುಣಿಕೆ ಕುಣಿಕೆ ಕಳಚಿಕೊಂಡು ಒಳಗಿನ ಹತ್ತಿ ಹೊರಗೆ ಬಿತ್ತು. ಕೊನೆಗೆ ಮುಖದ ಮೇಲಿನ ಮಚ್ಚೆಯೂ ಉದುರಿ ಮೊಣಕಾಲೆತ್ತರ ಉಲ್ಲನ್ ರಾಶಿಯ ನಡುವೆ ಅವನೊಬ್ಬನೇ ಉಳಿದ. "ಬದುಕಿದೆ," ಎಂದುಕೊಂಡು ಹೆಜ್ಜೆ ಎತ್ತಿದ. ಎಳೆ ಕಾಲಿಗೆ ತೊಡರಿ ದಬ್ಬನೆ ಬಿದ್ದ. ಆ ಸದ್ದಿಗೆ ಬಾಗಿಲು ತೆರೆಯಿತು.

ಹೆಂಗಸರು ಸಾಲಾಗಿ ನಿಂತಿದ್ದರು. ಯಾರೂ ಕಿರುಚಲಿಲ್ಲ. ಕಿರುಚಿದ್ದರೆ ಎಷ್ಟೋ ಚೆನ್ನಾಗಿತ್ತು.

"ರೀ," ಎಂದಳು ಪ್ರಮೀಳಾ, ಕಣ್ಣಲ್ಲಿ ನೀರು. "ಈ ಸಲ ಯಾರನ್ನ ಹೆಣೆಯೋದು ಅಂತ ಬಂದಾಗ, ನಮ್ಮನೆಯವ್ರಷ್ಟು ಅಲ್ಲಾಡದೆ ಇರೋರು ತಾಲ್ಲೂಕಿನಲ್ಲೇ ಇಲ್ಲ ಅಂತ ನಾನೇ ಹೇಳಿದ್ದು. ಬೀರಿನಲ್ಲಿ ನಿಮ್ಮನ್ನ ನಿಲ್ಲಿಸಿ ನಾಲ್ಕು ಜನ ನೋಡಲಿ ಅಂತ ಆಸೆಪಟ್ಟೆ."

"ಗೊಂಬೆನಾ? ಬರೀ ಗೊಂಬೆನಾ?"

"ಮತ್ತಿನ್ನೇನು ಅಂದ್ಕೊಂಡ್ರಿ?"

ನಂಜುಂಡೇಶ ಕಾಲಿಗೆ ತೊಡರಿದ್ದ ಎಳೆಯನ್ನು ಬಿಡಿಸತೊಡಗಿದ.

"ಕೆ.ಆರ್. ನಗರದ ಹೆಣಿಗೆಯೋರು ಸಂಜೆಗೆ ನೋಡಕ್ಕೆ ಬರ್ತಾರೆ," ಎಂದಳು ಫರ್ಹಾನಾ. "ಹೋದ ಸಲವೇ ಹೊಟ್ಟೆ ಉರ್ಕೊಂಡು ಹೋಗಿದ್ರು. ಬೀರಿನಲ್ಲಿ ಹಳೇದೊಂದೇ ಇದ್ರೆ ನಕ್ಕೊಂಡು ಹೋಗ್ತಾರೆ. ಮತ್ತೆ ಹೆಣೆಯೋಕೆ ಟೈಮ್ ಎಲ್ಲಿದೆ ಅಮ್ಮಿ?"

ಬೀಬಿಜಾನ್ ಕನ್ನಡಕ ಮೂಗಿಗೇರಿಸಿ ಉಲ್ಲನ್ ರಾಶಿಯನ್ನು ನೋಡಿದಳು. ಆಮೇಲೆ ರಾಶಿಯ ನಡುವಿನ ನಂಜುಂಡೇಶನನ್ನು ನೋಡಿದಳು.

"ಓದ್ ವರ್ಸ ಮಾಡ್ದಂಗೇ ಮಾಡುದ್ರಾಯ್ತು," ಎಂದಳು ಬಸವಮ್ಮ.

ಆಮೇಲೆ ಒಂದೊಂದಾಗಿ ಕಡ್ಡಿಗಳು ಎದ್ದವು.

"ಏಳು ಬೇಟಾ, ಅಲ್ಲಾಡಬೇಡ," ಎಂದಳು ಬೀಬಿಜಾನ್, ಮಗುವಿಗೆ ಸ್ವೆಟರ್ ತೊಡಿಸುವವಳ ಅಕ್ಕರೆಯಲ್ಲಿ. ಬಿಚ್ಚಿದ್ದ ಉಲ್ಲನ್ನೇ ಅವನ ಪಾದದಿಂದ ಮೇಲಕ್ಕೆ ಹೆಣಿಗೆಯಾಗಿ ಏರತೊಡಗಿತು. ಗೊಂಬೆಗೆ ತಿಂಗಳುಗಟ್ಟಲೆ ಹಿಡಿದದ್ದು ಅವನ ಮೈಮೇಲೆ ಸರಸರನೆ ಸಾಗಿತು. ಅಳತೆ ಹೇಗೂ ಇತ್ತಲ್ಲ. ಒಂದು ಸಂಜೆಯ ಮಟ್ಟಿಗೆ ನಿಂತರಾಯಿತು, ತಪ್ಪು ತನ್ನದೇ, ಹೆಂಡತಿಯ ಮಾನವಾದರೂ ಉಳಿಯಲಿ ಎಂದು ನಂಜುಂಡೇಶ ಸುಮ್ಮನಾದ. ಮೂಗಿನ ಬಳಿ ಉಸಿರಿಗಿಷ್ಟು ಜಾಗ ಬಿಟ್ಟು ಮುಖವೂ ಮುಗಿಯಿತು. ಬೀಬಿಜಾನ್ ಹಿಂದೆ ಬಂದು ಕತ್ತಿನ ಹತ್ತಿರ ಕೊನೆಯ ಗಂಟು ಹಾಕಿದಳು. ಉಮಾಶಂಕರನ ಮಾತು ನೆನಪಾಗುವಷ್ಟರಲ್ಲಿ ಅದು ಬಿಗಿದೂ ಆಗಿತ್ತು.

ಕೆ.ಆರ್. ನಗರದವರು ಬಂದರು. ನಂಜುಂಡೇಶನನ್ನು ನಿಲ್ಲಿಸಿದ್ದ ಗಾಜಿನ ಬೀರಿನ ಮುಂದೆ ನಿಂತವರ ಬಾಯಿ ಕಟ್ಟಿಹೋಯಿತು. ಒಬ್ಬಾಕೆ ಬೀರಿನ ಬಾಗಿಲು ತೆರೆದು ಕಡ್ಡಿಯಿಂದ ಹೊಟ್ಟೆಗೆ ತಿವಿದು ನೋಡಿದಳು. ನಂಜುಂಡೇಶ ಹಲ್ಲು ಕಚ್ಚಿದ. "ಎಲ್ಲಾ ಸರಿ, ಮೂಗು ಮಾತ್ರ ಮನುಷ್ಯರದ್ದಂಗಿಲ್ಲ," ಎಂದು ಆಕೆ ತೀರ್ಪು ಕೊಟ್ಟಳು. ಅದು ಪೂರ್ತಿ ಅವನದೇ ಮೂಗಾಗಿತ್ತು. ಕಡೆಗೆ ಅವರು ಸೋಲೊಪ್ಪಿ ಬಸ್ಸಿಗೆ ನಡೆದರು. ಇತ್ತ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಇನ್ನೇನು ಬಿಚ್ಚುತ್ತಾರೆ ಎಂದು ನಂಜುಂಡೇಶ ಕಾದ. ಅವರು ದೀಪ ಆರಿಸಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಬೀದಿಯಲ್ಲಿ ಉಮಾಶಂಕರನ ದನಿ ಕೇಳಿಸಿತು. "ಪ್ರಮೀಳಕ್ಕ, ಎಲ್ಲಿ ನಂಜುಂಡೇಶ? ಮಧ್ಯಾನ್ದಿಂದ ಕಾಣಕಿಲ್ವಲ್ಲ."

"ಕೊಡಗಿಗೆ ಹೋದ್ರು ಕಣೋ," ಎಂದಳು ಪ್ರಮೀಳಾ, ಬೆಳಗಿನ ಅದೇ ಮೆತ್ತಗಿನ ದನಿಯಲ್ಲಿ. "ಎಸ್ಟೇಟು ಅಳೆಯೋಕೆ. ಬರೋದು ತಡ ಆಗತ್ತೆ."

"ಅಂಗಾರೆ ಸ್ಕೂಟ್ರು?"

ನಂಜುಂಡೇಶ ಕೂಗಲು ಬಾಯಿ ತೆರೆದ. ಉಲ್ಲನ್ ತೆರೆಯಲಿಲ್ಲ. ಕೈ ಎತ್ತಲು ನೋಡಿದ. ಸೊಟ್ಟ ಕಿರುಬೆರಳೊಂದು ಮಾತ್ರ ತುಸು ಮಿಸುಕಿತು.

"ಸುಮ್ಕಿರಿ ಸಾ," ಎಂದಿತು ಪಕ್ಕದ ಮಂಕಿಕ್ಯಾಪು, ಉಲ್ಲನ್ ಮೀಸೆಯ ಅಡಿಯಿಂದ. "ನಾನೂವೆ ಓದ್ ವರ್ಸ ಇಂಗೇ ಎದ್ರುಕೊಂಡು ಬಿಚ್ಚಾಕ್ಬುಟ್ಟಿದ್ದೆ. ಮೊದ್ಲು ವಸಿ ದಿನ ಮೂಗು ಕಡೀತದೆ. ಆಮ್ಯಾಕೆ ಅದೂ ನಿಂತೋಯ್ತದೆ. ವಸಿ ಅತ್ಲಾಗ್ ಸರ್ಕಳಿ. ಮುಂದಿನ್ ವರ್ಸ ಬರೋನ್ಗೂ ಜಾಗ ಬೇಕಲ್ಲ."