ಎದ್ದು ನಿಂತ ಇಂಜಿನ್

"ಮಂಚಕ್ಕೆ ನಾಲ್ಕು ಕಾಲು ಕೂರಿಸೋನಿಗೆ ವ್ಯಾನಿಗೊಂದು ಇಂಜಿನ್ ಕೂರಿಸೋದು ಯಾವ ಮಹಾವಿದ್ಯೆ!" ಎಂದು ಬಡಗಿ ಘೋಷಿಸಿದಾಗ ಅವನ ಹೆಂಡತಿ ಕೇಕಿಗೆ ಕೆನೆ ಬಳಿಯುತ್ತಿದ್ದಳು. ಅವಳ ಕೈ ಅಲ್ಲೇ ನಿಂತಿತು.

"ನಮ್ಮಕ್ಕನನ್ನ ಒಂದು ಮಾತು ಕೇಳ್ರೀ. ಬಸ್ ಡಿಪೋದಲ್ಲಿ ಇಪ್ಪತ್ತು ವರ್ಷದಿಂದ ಇಂಜಿನ್ ಬಿಚ್ಚಿ ಜೋಡಿಸ್ತಿದ್ದಾಳೆ."

"ನಿಮ್ಮಕ್ಕ ಬಿಚ್ಚೋದು ಬಸ್ಸು. ಇದು ವ್ಯಾನು!"

ಅವಳ ಕೇಕುಗಳನ್ನು ಸಾಗಿಸುವ ಆ ವ್ಯಾನಿನ ಇಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಹಳೆಯದು ಹೊಗೆ ಉಗುಳಿ ಕಣ್ಮುಚ್ಚಿತ್ತು. ಬಡಗಿ ಗುಜರಿಯಿಂದ ಇನ್ನೊಂದನ್ನು, ಅದಕ್ಕಿಂತ ಕೊಂಚ ದಢೂತಿಯಾದದ್ದನ್ನು, ತಂದು ಇಳಿಸಿದ. ಆದರೆ ಇಂಜಿನ್ನನ್ನು ವ್ಯಾನಿನ ಚೌಕಟ್ಟಿಗೆ ಹಿಡಿದು ಕೂರಿಸುವ ಮೌಂಟಿಂಗ್‌ಗಳ ತೂತಿಗೂ ಇದರ ತೂತಿಗೂ ಎಣ್ಣೆ ಸೀಗೆಕಾಯಿ! ಸೋಲೊಪ್ಪುವ ಗಂಡೇ ಇವನು? ಮೌಂಟಿಂಗ್ ಬದಲಿಗೆ ಗಟ್ಟಿ ಮರದ ನಾಲ್ಕು ತುಂಡು ಕೊಯ್ದಿಟ್ಟು, ಬೋಲ್ಟ್ ಬಿಗಿದು, ಕೀ ತಿರುಗಿಸಿದ.

ಇಂಜಿನ್ ಅಲುಗಲಿಲ್ಲ. ವ್ಯಾನು ಅಲುಗಿತು! ಕನ್ನಡಿ ಅಲುಗಿತು, ಬಾಗಿಲು ಅಲುಗಿತು, ಒಳಗೆ ಕೂತಿದ್ದ ಹೆಂಡತಿಯ ಮಾತೂ ಅಲುಗಿತು.

"ನಿ-ನಿ-ನಿಲ್-ಲ್ಸಿ-ರೀ!"

"ಗಟ್ಟಿ ಜಾಸ್ತಿಯಾಯ್ತು, ಅಷ್ಟೇ," ಎಂದ ಬಡಗಿ. ಮರ ಕಿತ್ತು, ಮನೆಯಲ್ಲಿದ್ದ ಹಳೇ ರಬ್ಬರ್ ಚಪ್ಪಲಿಗಳನ್ನೆಲ್ಲ ಕತ್ತರಿಸಿ ಪದರ ಪದರವಾಗಿ ಇಟ್ಟ. ಈ ಸಲ ವ್ಯಾನು ಬೆಕ್ಕಿನಂತೆ ಮೆತ್ತಗೆ ಗುರುಗುಟ್ಟಿತು.

"ನೋಡಿದ್ಯಾ? ತೊಟ್ಟಿಲು ಕಣೇ, ತೊಟ್ಟಿಲು!"

ಅಂದೇ ಸಂಜೆ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯ ನಿವೃತ್ತಿ ಸಮಾರಂಭಕ್ಕೆ ಮೂರಂತಸ್ತಿನ ಕೇಕು ತಲುಪಬೇಕಿತ್ತು. ಸಮತಟ್ಟು ರಸ್ತೆಯಲ್ಲಿ ಸವಾರಿ ರಾಜಗಾಂಭೀರ್ಯದಿಂದ ಸಾಗಿತು. ಶಾಲೆಯ ಏರು ಬಂತು. ಬಡಗಿ ಆಕ್ಸಿಲರೇಟರ್ ಒತ್ತಿದ.

"ರೀ! ನನ್ನ ಸೀಟು ಏಳ್ತಿದೆ!"

"ಸುಮ್ನೆ ಕೂತ್ಕೋ!"

"ನಾನು ಕೂತೇ ಇದ್ದೀನಿ! ಎದ್ದಿರೋದು ಸೀಟು!"

ಬಡಗಿ ಗಾಬರಿಯಿಂದ ಕಾಲು ತೆಗೆದ. ವೇಗ ಇಳಿಯಲಿಲ್ಲ. ಏರಿತು! ಬಗ್ಗಿ ತನ್ನ ಕಾಲುಗಳನ್ನು ನೋಡಿಕೊಂಡ. ಎರಡೂ ಬ್ರೇಕಿನ ಮೇಲಿದ್ದವು. ಹಾಗಾದರೆ ಆಕ್ಸಿಲರೇಟರ್ ಒತ್ತುತ್ತಿರುವವರು ಯಾರು? ಬ್ರೇಕು ಕಿರುಚಿತು, ಇಂಜಿನ್ ಅದಕ್ಕಿಂತ ಜೋರಾಗಿ ಕಿರುಚಿತು. ಶಾಲೆಯ ಗೇಟು ದೊಡ್ಡದಾಗುತ್ತ ಬಂತು. ಗೇಟಿನಲ್ಲಿ ಹೂಗುಚ್ಛ ಹಿಡಿದು ನಿಂತ ಮಕ್ಕಳ ಸಾಲು ಕಂಡಿತು. ಬಡಗಿಯ ಕೈ ಸ್ಟೀರಿಂಗಿಗೆ ಅಂಟಿಕೊಂಡಿತು.

ಹೆಂಡತಿ ಎದ್ದ ಸೀಟಿನಿಂದಲೇ ಅಡ್ಡ ಬಾಗಿ ಕೀ ತಿರುಗಿಸಿಬಿಟ್ಟಳು. ಇಂಜಿನ್ ಉಸಿರು ಬಿಟ್ಟಿತು. ವ್ಯಾನು ಗಿಡದ ಬೇಲಿಗೆ ಮೂತಿ ತೂರಿಸಿ ನಿಂತಿತು, ಮಕ್ಕಳಿಗೆ ಹತ್ತೇ ಹೆಜ್ಜೆ ದೂರದಲ್ಲಿ. ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಮಕ್ಕಳು ಚಪ್ಪಾಳೆ ತಟ್ಟಿದರು.

ಹೆಂಡತಿ ಫೋನ್ ಮಾಡಿದ ಕಾಲು ಗಂಟೆಯಲ್ಲಿ ಡಿಪೋದಿಂದ ಅಕ್ಕ ಬಂದಳು. ಸೀಟೆತ್ತಿ ಇಣುಕಿ, ಹರಿದ ಚಪ್ಪಲಿ ಚೂರೊಂದನ್ನು ಎರಡು ಬೆರಳಲ್ಲಿ ಹಿಡಿದು ಹೊರತೆಗೆದಳು.

"ಏನ್ರೀ ಇದು?"

"ಮೌಂಟಿಂಗ್, ಅತ್ತಿಗೆ..."

"ಜೋರು ಮಾಡಿದಾಗ ಇಂಜಿನ್ ಒಂದು ಕಡೆಗೆ ಎಗರತ್ತೆ. ಅದನ್ನ ಹಿಡಿಯೋದೇ ಮೌಂಟಿಂಗ್ ಕೆಲಸ. ನಿಮ್ಮ ಚಪ್ಪಲಿ ಹರಿದು ಇಂಜಿನ್ ಎದ್ದಿದೆ, ಎದ್ದು ಆಕ್ಸಿಲರೇಟರ್ ಕೇಬಲ್ಲನ್ನ ತಾನೇ ಎಳ್ಕೊಂಡಿದೆ. ಎದ್ದಷ್ಟೂ ಎಳೆದಿದೆ, ಎಳೆದಷ್ಟೂ ಎದ್ದಿದೆ!"

"ಅಂದ್ರೆ... ಅದೇ ಓಡಿಸ್ಕೊಂಡು ಬಂತಾ?"

"ಹೂಂ. ನೀವು ಬರೀ ಪ್ಯಾಸೆಂಜರ್ರು."

ಹಿಂದಿನ ಬಾಗಿಲು ತೆಗೆಯುವಾಗ ಬಡಗಿ ಕಣ್ಣು ಮುಚ್ಚಿಕೊಂಡ. ತೆರೆದಾಗ ಕೇಕಿನ ಮೂರಂತಸ್ತೂ ನೆಟ್ಟಗೆ ನಿಂತಿದ್ದವು! ಒಂದು ಹನಿ ಕೆನೆಯೂ ಜಾರಿರಲಿಲ್ಲ. ಅಕ್ಕ ಬಗ್ಗಿ ನೋಡಿದಳು.

"ಇದನ್ನ ಕೂರಿಸಿದ್ದು ಯಾರೇ?"

"ನಾನೇ ಅಕ್ಕ. ತಳಕ್ಕೆ ದಪ್ಪ ರಬ್ಬರ್ ಹಾಳೆ, ನಾಲ್ಕೂ ಮೂಲೆಗೆ ಬಿಗಿ ಪಟ್ಟಿ."

"ನೋಡ್ಕೊಳ್ರೀ! ಮೆತ್ತಗೂ ಇದೆ, ಬಿಗಿಯಾಗೂ ಇದೆ. ಮೌಂಟಿಂಗ್ ಅಂದ್ರೆ ಇದು!"

ಬಡಗಿ ಕೇಕನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಉಸಿರು ಬಿಗಿಹಿಡಿದು, ಹೆಂಡತಿಯ ಹಿಂದೆ ಸಭಾಂಗಣದವರೆಗೂ ನಡೆದ.

"ಅಬ್ಬಾ, ಎಷ್ಟು ಚೆಂದ!" ಎಂದರು ಮುಖ್ಯೋಪಾಧ್ಯಾಯಿನಿ. "ನೀವೇ ಮಾಡಿದ್ದಾ?"

"ಅಲ್ಲ ಮೇಡಂ," ಎಂದ ಬಡಗಿ. "ಮಾಡಿದ್ದೂ ಇವಳೇ, ಉಳಿಸಿದ್ದೂ ಇವಳೇ. ನಾನು ಬರೀ ಮೌಂಟಿಂಗ್!"