ಮೊದಲು ಯಾರನ್ನು ನೋಡುವಿರಿ ಎಂದು ಕೇಳಿದವರಿಗೆ

ನರ್ಸಿಂಗ್ ಪರೀಕ್ಷೆಯ ಪ್ರಶ್ನೆಪತ್ರಿಕೆ ತಯಾರಿಸುವ ಮಾನ್ಯರೇ,

ತಮ್ಮ ನಾಡಿ ನಿಮಿಷಕ್ಕೆ ಅರವತ್ತರಿಂದ ನೂರರ ಒಳಗೂ, ಉಸಿರು ಹನ್ನೆರಡರಿಂದ ಇಪ್ಪತ್ತರ ಒಳಗೂ, ರಕ್ತದ ಪೊಟ್ಯಾಸಿಯಂ ಎಷ್ಟಿರಬೇಕೋ ಅಷ್ಟೇ ಆಗಿಯೂ ಇದೆಯೆಂದು ನಂಬಿ, ನಮಸ್ಕಾರಗಳೊಂದಿಗೆ ಬರೆದುಕೊಳ್ಳುವುದೇನೆಂದರೆ, ನಾವಿಲ್ಲಿ ಎಲ್ಲರೂ ಕ್ಷೇಮ. ಕ್ಷೇಮವಿಲ್ಲ ಎನ್ನಲು ನಮ್ಮ ಮನೆಯಲ್ಲಿ ಈಗ ಯಾರಿಗೂ ಧೈರ್ಯವಿಲ್ಲ; ಹಾಗೆಂದ ಕೂಡಲೇ ನೋವು ಎಲ್ಲಿ, ಯಾವಾಗಿನಿಂದ, ಚುಚ್ಚುತ್ತದೋ ಉರಿಯುತ್ತದೋ, ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂಕ ಕೊಡುವಿರಿ ಎಂಬ ವಿಚಾರಣೆಗೆ ಒಳಗಾಗಬೇಕಾಗುತ್ತದೆ.

ತಮ್ಮ ಹೆಸರು, ವಿಳಾಸಗಳನ್ನು ಗುಟ್ಟಾಗಿ ಇಡಲಾಗಿದೆ ಎಂದು ಕಾಲೇಜಿನ ಗುಮಾಸ್ತರು ತಿಳಿಸಿದರು. ತಮ್ಮ ಪ್ರಶ್ನೆಗಳನ್ನು ಓದಿದ ಮೇಲೆ ಆ ಮುನ್ನೆಚ್ಚರಿಕೆಯ ಬುದ್ಧಿವಂತಿಕೆಯನ್ನು ನಾನು ಮನಸಾರೆ ಮೆಚ್ಚಿದ್ದೇನೆ. ಆದ್ದರಿಂದ ಈ ಪತ್ರವನ್ನು ನನ್ನ ಕ್ಷೌರದಂಗಡಿಯ ಗಾಜಿನ ಬಾಗಿಲಿಗೇ ಅಂಟಿಸುತ್ತಿದ್ದೇನೆ. ತಲೆಯುಳ್ಳವರೆಲ್ಲ ಎಂದಾದರೊಂದು ದಿನ ಕ್ಷೌರದಂಗಡಿಯ ಮುಂದೆ ನಿಲ್ಲಲೇಬೇಕು, ತಾವೂ ತಲೆಯುಳ್ಳವರೇ ಎಂಬ ವಿಶ್ವಾಸ ನನಗಿದೆ.

ನನ್ನ ಹೆಂಡತಿ ಆಸ್ಪತ್ರೆಯೊಂದರಲ್ಲಿ ಬಹಳ ಕಾಲ ಆಯಾ ಆಗಿದ್ದವಳು. ಹಾಸಿಗೆ ಬದಲಿಸುತ್ತ, ರೋಗಿಗಳನ್ನು ಮಗ್ಗುಲಿಗೆ ಹೊರಳಿಸುತ್ತ, ನರ್ಸುಗಳು ಮಾಡುವುದನ್ನು ಕಣ್ಣಂಚಿನಲ್ಲಿ ನೋಡುತ್ತ ಇದ್ದವಳಿಗೆ, ಮಗಳು ತನ್ನ ಜಡೆ ತಾನೇ ಹಾಕಿಕೊಳ್ಳುವಷ್ಟು ದೊಡ್ಡವಳಾದ ಮೇಲೆ, ತಾನೂ ನರ್ಸ್ ಆಗಬೇಕೆಂಬ ಆಸೆ ಬಂತು. ನಾನು ಹೂಂ ಅಂದೆ. ನನ್ನ ತಾಯಿ, ಈ ವಯಸ್ಸಲ್ಲಿ ಓದಾ ಎಂದು ಮೂಗು ಮುರಿದರೂ, ಮರುದಿನವೇ ನೆರೆಯವರ ಮುಂದೆ ನಮ್ಮ ಸೊಸೆ ಕಾಲೇಜಿಗೆ ಹೋಗ್ತಾಳೆ ಎಂದು ಹೇಳಿಕೊಂಡು ಬಂದರು. ಎಲ್ಲ ಸುಸೂತ್ರವಾಗಿಯೇ ನಡೆದಿತ್ತು. ಕೊನೆಯ ಪರೀಕ್ಷೆಯಲ್ಲಿ ತಾವು ಎದುರಾದಿರಿ. ತಾವು ಕೇಳಿದ್ದು ಒಂದೇ ಮಾತು: ನರ್ಸ್ ಮೊದಲು ಏನು ಮಾಡಬೇಕು? ಕೆಳಗೆ ನಾಲ್ಕು ಉತ್ತರಗಳು. ಹಾಳಾಗಿ ಹೋಗಲಿ, ಒಂದಾದರೂ ತಪ್ಪಿರಬಾರದೇ? ನಾಲ್ಕೂ ಸರಿ. ನಾಲ್ಕನ್ನೂ ಒಳ್ಳೆಯ ನರ್ಸ್ ಮಾಡಿಯೇ ಮಾಡುತ್ತಾಳೆ. ಆದರೆ ತಮಗೆ ಬೇಕಾದದ್ದು ಯಾವುದು ಮೊದಲು ಎಂಬುದು ಮಾತ್ರ. ಆ ಮೊದಲಿನಲ್ಲಿ ಸಿಕ್ಕಿಬಿದ್ದು ನನ್ನ ಹೆಂಡತಿ ನಪಾಸಾದಳು. ಇನ್ನೊಂದು ಸಲ ಬರೆಯಬಹುದು, ಅದೂ ಹೋದರೆ ಮತ್ತೆ ಆಯಾ ಕೆಲಸಕ್ಕೇ ಹೋಗಬೇಕು ಎಂದು ಕಾಲೇಜಿನವರು ಹೇಳಿ ಕಳಿಸಿದರು. ಅವಳು ಮನೆಗೆ ಬಂದು, ಏನೂ ಆಗದವಳಂತೆ ಎಲ್ಲ ದಿಂಬುಗಳ ಕವರು ಬಿಚ್ಚಿ ಒಗೆಯಲು ಕೂತಳು. ಅವು ಹಿಂದಿನ ದಿನವಷ್ಟೇ ಒಗೆದಿದ್ದ ಕವರುಗಳು. ಆ ಒಂದು ಸಂಜೆಗಾಗಿ ನಾನು ತಮಗೆ ವಿಶೇಷವಾಗಿ ಆಭಾರಿ.

ಮಾನ್ಯರೇ, ಓದು ಮತ್ತೆ ಶುರುವಾಯಿತು, ಈ ಸಲ ನನ್ನ ಅಂಗಡಿಯಲ್ಲಿ. ಮನೆ ಮಹಡಿಯ ಮೇಲೆ, ಅಂಗಡಿ ಕೆಳಗೆ. ಮೇಲೆ ಇರುವ ದೇಹಗಳು ನಾಲ್ಕೇ, ಅವುಗಳ ಬಿಪಿ ನೋಡಿ ನೋಡಿ ಅವಳಿಗೆ ಬಾಯಿಪಾಠವಾಗಿತ್ತು. ಕೆಳಗಾದರೆ ದಿನವೂ ಹೊಸ ದೇಹಗಳು, ಅದೂ ಬೆಂಚಿನ ಮೇಲೆ ಸಾಲಾಗಿ, ಓಡಿಹೋಗಲಾರದೆ ಕೂತಿರುತ್ತವೆ. ಹೀಗಾಗಿ ನನ್ನ ಗಿರಾಕಿಗಳು ಒಂದು ಕಡೆ ತೋಳು ಕೊಟ್ಟು, ಇನ್ನೊಂದು ಕಡೆ ಗಡ್ಡ ಕೊಟ್ಟು, ತಮ್ಮ ಪರೀಕ್ಷೆಗೆ ತಯಾರಾಗತೊಡಗಿದರು. ಗುಳಿಗೆ ಕೊಡುವ ಮುನ್ನ ರೋಗಿ ಸರಿಯೇ, ಔಷಧ ಸರಿಯೇ, ಪ್ರಮಾಣ ಸರಿಯೇ, ಕೊಡುವ ದಾರಿ ಸರಿಯೇ, ಹೊತ್ತು ಸರಿಯೇ ಎಂದು ನೋಡಬೇಕೆಂಬುದು ಈಗ ನಮ್ಮ ಬೀದಿಯ ಲಾರಿ ಡ್ರೈವರಿಗೂ ಗೊತ್ತು. ಎರಡು ಬಗೆಯ ಇನ್ಸುಲಿನ್ ಒಂದೇ ಸಿರಿಂಜಿಗೆ ಎಳೆಯುವಾಗ ತಿಳಿಯಾದದ್ದು ಮುಂಚೆ, ಮಬ್ಬಾದದ್ದು ಆಮೇಲೆ ಎಂದು ಬ್ಯಾಂಕಿನ ಕ್ಯಾಷಿಯರ್ ನೊರೆ ಮೆತ್ತಿದ ಬಾಯಿಂದಲೇ ಹೇಳುತ್ತಾನೆ. ಆಗ ನನ್ನ ಬ್ಲೇಡು ಎಲ್ಲಿರುತ್ತದೆ ಎಂಬ ಪರಿವೆ ಅವನಿಗಿರುವುದಿಲ್ಲ.

ಇಷ್ಟರ ಮಟ್ಟಿಗೆ ಸಂತೋಷವೇ. ಆದರೆ ಒಂದು ದಿನ ಅವಳು ತಮ್ಮ ಹಳೆಯ ಪ್ರಶ್ನೆಯೊಂದನ್ನು ಜೋರಾಗಿ ಓದಿದಳು. ವಾರ್ಡಿನಲ್ಲಿ ನಾಲ್ವರು: ಒಬ್ಬನಿಗೆ ಕಾಲು ಮುರಿದಿದೆ, ಒಬ್ಬನಿಗೆ ಜ್ವರ, ಒಬ್ಬ ಮನೆಗೆ ಕಳಿಸಿ ಎಂದು ಕೂಗುತ್ತಿದ್ದಾನೆ, ಒಬ್ಬನಿಗೆ ಉಸಿರಾಡಲು ಕಷ್ಟ. ಮೊದಲು ಯಾರನ್ನು ನೋಡುವಿರಿ? ಉಸಿರಿನವನನ್ನು ಎಂದು ಉತ್ತರ. ಬೆಂಚಿನ ಮೇಲಿದ್ದವರೆಲ್ಲ ತಲೆದೂಗಿದರು. ಮಾರನೆಯ ದಿನ ಕ್ಯಾಷಿಯರ್ ಏದುಸಿರು ಬಿಡುತ್ತ ಒಳಗೆ ಬಂದು, "ಯಜಮಾನ್ರೇ, ಉಸಿರು ಸಿಕ್ತಿಲ್ಲ" ಎಂದು ಎದೆ ಹಿಡಿದುಕೊಂಡು ನೇರವಾಗಿ ಕುರ್ಚಿಯ ಮೇಲೆ ಕೂತ. ಕೂತವನೇ ಸಲೀಸಾಗಿ ಉಸಿರಾಡುತ್ತ, "ಸೈಡಲ್ಲಿ ಸ್ವಲ್ಪ ಜಾಸ್ತಿ ತೆಗೀರಿ" ಎಂದ. ಅಲ್ಲಿಗೆ ನನ್ನ ಸರದಿ ಸಾಲು ಮುಗಿಯಿತು. ಲಾರಿ ಡ್ರೈವರ್ ಕೆಮ್ಮುತ್ತ ಬಂದ. ಫೋಟೋ ಸ್ಟುಡಿಯೋದವನು ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಸನ್ನೆ ಮಾಡಿ, ಉಸಿರಿಗಿಂತ ಉಸಿರಿನ ದಾರಿ ಮುಂಚೆ ಎಂದು ವಾದಿಸಿ, ಇಬ್ಬರನ್ನೂ ದಾಟಿದ. ನಾನು ಈ ಕಸುಬಿಗೆ ಬಂದಾಗಿನಿಂದ ಮುಂಚೆ ಬಂದವರಿಗೆ ಮುಂಚೆ ಕತ್ತರಿ ಎಂಬ ಒಂದೇ ನಿಯಮ ಇಟ್ಟುಕೊಂಡಿದ್ದೆ. ತಾವು ಒಂದು ಪ್ರಶ್ನೆಯಿಂದ ಅದನ್ನು ಬೋಳಿಸಿಬಿಟ್ಟಿರಿ. ಇಷ್ಟು ನುಣ್ಣಗೆ ನನ್ನಿಂದಲೂ ಆಗುತ್ತಿರಲಿಲ್ಲ.

ಈ ಗದ್ದಲದಲ್ಲಿ ಬಾಯಿ ಬಿಡದೆ ಕೂತವರೆಂದರೆ ಪಿಟೀಲು ಮೇಷ್ಟ್ರು. ಅವರಿಗೆ ಸಕ್ಕರೆ ಕಾಯಿಲೆ, ಬೆಳಿಗ್ಗೆ ಎದ್ದು ಇನ್ಸುಲಿನ್ ಚುಚ್ಚಿಕೊಳ್ಳುವವರು. ಅಷ್ಟು ಮೆತ್ತನೆಯ ಮನುಷ್ಯರನ್ನು ನಾನು ಕಂಡಿಲ್ಲ. ಅಪಸ್ವರ ನುಡಿಸಿದ ಮಕ್ಕಳಿಗೂ ದಯವಿಟ್ಟು ಎಂದೇ ಹೇಳುತ್ತಾರೆ. ಅವತ್ತು ಸೂಜಿ ಚುಚ್ಚಿಕೊಂಡು, ಬೇಗ ಕ್ಷೌರ ಮುಗಿಸಿ ಮನೆಗೆ ಹೋಗಿ ತಿಂಡಿ ತಿಂದರಾಯಿತು ಎಂದು ಬಂದಿದ್ದರಂತೆ. ಉಸಿರು ಸಿಗದವರು ಒಬ್ಬರ ಹಿಂದೊಬ್ಬರು ಬಂದು ಅವರನ್ನು ದಾಟಿಹೋದರು. "ಪರವಾಗಿಲ್ಲ, ಅವರದಾಗಲಿ" ಎನ್ನುತ್ತಲೇ ಮೇಷ್ಟ್ರು ಕಾದರು. ಕೊನೆಗೂ ಕುರ್ಚಿಗೆ ಬಂದು ಕೂತಾಗ ನಾನು ಅವರ ಕೊರಳಿಗೆ ಬಟ್ಟೆ ಕಟ್ಟಿದೆ. ಕತ್ತು ಒದ್ದೆಯಾಗಿತ್ತು. ಸೆಕೆಯೆಂದುಕೊಂಡೆ. ಕತ್ತರಿ ಎತ್ತಿದ್ದೇ ತಡ, ಅವರು ಕನ್ನಡಿಯಲ್ಲಿ ನನ್ನನ್ನು ದುರುಗುಟ್ಟಿ ನೋಡಿ, "ಲೋ ಕತ್ತೆ, ನಿನಗೆ ತಾಳ ಗೊತ್ತೇನೋ?" ಎಂದು ಕಿರುಚಿದರು.

ಡ್ರೈವರ್ ಕಿಸಕ್ಕನೆ ನಕ್ಕು, "ಕಾಯಿಸಿ ಕಾಯಿಸಿ ಪಾಪ ಮೇಷ್ಟ್ರಿಗೂ ಸಿಟ್ಟು ಬಂತಲ್ರೀ" ಎಂದ. ನನಗೂ ಹಾಗೇ ಅನಿಸಿತು. ಕ್ಷಮೆ ಕೇಳಲು ಬಾಯಿ ತೆರೆದಿದ್ದೆ. ಮೂಲೆಯ ಸ್ಟೂಲಿನ ಮೇಲೆ ಓದುತ್ತಿದ್ದ ನನ್ನ ಹೆಂಡತಿ ಮಾತ್ರ ನಗಲಿಲ್ಲ. ಪುಸ್ತಕ ಕೆಳಗಿಟ್ಟು ಎದ್ದು ಬಂದು ಮೇಷ್ಟ್ರ ಕೈ ಹಿಡಿದಳು. ಅವರ ಬೆರಳುಗಳು ನಡುಗುತ್ತಿದ್ದವು. "ಇದು ಸಿಟ್ಟಲ್ಲ ರೀ, ಶುಗರ್ ಇಳಿದಿರೋ ಹಾಗಿದೆ" ಅಂದಳು.

ಆಗ ನಡೆದದ್ದನ್ನು ತಾವು ನೋಡಬೇಕಿತ್ತು. ತಮ್ಮ ಶಿಷ್ಯಕೋಟಿ ಒಟ್ಟಿಗೇ ಎದ್ದು ನಿಂತಿತು. ಮೊದಲು ಮಲಗಿಸಿ ಎಂದು ಒಬ್ಬ, ಮೊದಲು ಡಾಕ್ಟರಿಗೆ ಫೋನ್ ಎಂದು ಒಬ್ಬ, ಮೊದಲು ಬಿಪಿ ಎಂದು ಇನ್ನೊಬ್ಬ, ಮಹಡಿಯ ಮೆಟ್ಟಿಲ ಮೇಲಿಂದ ನನ್ನ ತಾಯಿ, "ಮೊದಲು ಕೈ ತೊಳ್ಕೊಳ್ಳೇ!" ಎಂದು ಕೂಗಿದರು. ನಾಲ್ಕು ಉತ್ತರ, ಎಲ್ಲವೂ ಸರಿ, ತಾವಿದ್ದಿದ್ದರೆ ಕಣ್ಣು ತುಂಬಿ ಬರುತ್ತಿತ್ತು. ನನ್ನ ಹೆಂಡತಿ ಕಲ್ಲಿನಂತೆ ನಿಂತಿದ್ದಳು. ಆ ಮುಖ ನನಗೆ ಗೊತ್ತು, ದಿಂಬಿನ ಕವರು ಬಿಚ್ಚುವಾಗಿನ ಮುಖ. ಮೇಷ್ಟ್ರಿಗೆ ಏನಾಗುತ್ತದೋ ಎಂದು ಎಷ್ಟು ಹೆದರಿದೆನೋ, ಇವಳಿಗೆ ಏನಾಗುತ್ತದೋ ಎಂದು ಅಷ್ಟೇ ಹೆದರಿದೆ, ಅದನ್ನು ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಅಷ್ಟರಲ್ಲಿ ಅವಳು, "ಎಲ್ರೂ ಸುಮ್ನಿರ್ರೀ!" ಎಂದು ಗದರಿದಳು. ನನ್ನ ತಾಯಿಯೂ ಆ ಎಲ್ಲರಲ್ಲಿ ಸೇರಿದ್ದರು, ಅವರೂ ಸುಮ್ಮನಾದರು. ಮೇಷ್ಟ್ರ ಮುಖದ ಹತ್ತಿರ ಬಗ್ಗಿ, "ಮೇಷ್ಟ್ರೇ, ನನ್ ಮಾತು ಕೇಳಿಸ್ತಿದ್ಯಾ? ನುಂಗಕ್ಕಾಗುತ್ತಾ?" ಎಂದು ಕೇಳಿದಳು. ಮೇಷ್ಟ್ರು ಉತ್ತರವಾಗಿ ಅವಳ ಇಡೀ ವಂಶವನ್ನು ಬೈದರು. "ಸರಿ, ಎಚ್ಚರ ಇದೆ" ಎಂದವಳೇ ಡ್ರೈವರ್ ಕೈಯಲ್ಲಿದ್ದ ಕಿತ್ತಳೆ ಸೋಡಾ ಕಿತ್ತುಕೊಂಡು, ಲೋಟಕ್ಕೆ ಬಗ್ಗಿಸಿ, ಅವರನ್ನು ನೆಟ್ಟಗೆ ಕೂರಿಸಿ, ಗುಟುಕು ಗುಟುಕಾಗಿ ಕುಡಿಸಿದಳು. ಆಮೇಲೆ ಕಾಯುವುದು. ಗೋಡೆ ಗಡಿಯಾರದ ಕೆಳಗೆ ನಾವೆಲ್ಲ ಫಲಿತಾಂಶಕ್ಕೆ ಕಾದವರ ಹಾಗೆ ನಿಂತಿದ್ದೆವು. ಕಾಲು ಗಂಟೆ ಆಗುವಷ್ಟರಲ್ಲಿ ಮೇಷ್ಟ್ರ ಬೆವರು ಆರಿತು, ಅವರು ಸುತ್ತ ನೋಡಿ, ಲೋಟ ನೋಡಿ, ಮೆಲ್ಲಗೆ, "ಯಾರಿಗಾದರೂ ಏನಾದರೂ ಅಂದೆನೇ?" ಎಂದು ಕೇಳಿದರು. "ಇಲ್ಲ ಮೇಷ್ಟ್ರೇ, ಏನೂ ಅನ್ನಲಿಲ್ಲ" ಎಂದು ಇಡೀ ಬೆಂಚು ಒಂದೇ ದನಿಯಲ್ಲಿ ಹೇಳಿತು. ಅವಳು ಬ್ರೆಡ್ಡು, ಮೊಟ್ಟೆ ತಿನ್ನಿಸಿ, ಕ್ಯಾಷಿಯರನ್ನೇ ಜೊತೆ ಮಾಡಿ ಡಾಕ್ಟರ ಬಳಿ ಕಳಿಸಿದಳು. ಕ್ಯಾಷಿಯರ್ ಅಂದಿನಿಂದ ಸರಾಗವಾಗಿ ಉಸಿರಾಡುತ್ತಿದ್ದಾನೆ.

ಇನ್ನು ನನ್ನ ದೂರಿನ ತಿರುಳಿಗೆ ಬರುತ್ತೇನೆ. ಎರಡನೆಯ ಸಲದ ಪರೀಕ್ಷೆಯ ದಿನ ತಾವು ಇದೇ ಪ್ರಶ್ನೆಯನ್ನು ಕೇಳಿದಿರಿ. ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯ ರೋಗಿ ಬೆವರುತ್ತಿದ್ದಾನೆ, ನಡುಗುತ್ತಿದ್ದಾನೆ, ಏನೇನೋ ಮಾತಾಡುತ್ತಿದ್ದಾನೆ, ನರ್ಸ್ ಮೊದಲು ಏನು ಮಾಡಬೇಕು? ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡು ಸಿಹಿ ಪಾನೀಯ ಕೊಡಬೇಕು ಎಂಬುದಕ್ಕೆ ಗುರುತು ಹಾಕಿ ಬಂದಳು. ವಾರದ ಮೇಲೆ ಕಾಲೇಜಿನ ಬೋರ್ಡಿಗೆ ಸರಿಯುತ್ತರಗಳನ್ನು ಅಂಟಿಸಿದರು. ತಮ್ಮ ಉತ್ತರ: ಮೊದಲು ರಕ್ತದ ಸಕ್ಕರೆಯನ್ನು ಪರೀಕ್ಷಿಸಬೇಕು.

ಮಾನ್ಯರೇ, ನಾನು ಕುದ್ದುಹೋದೆ. ಗಿರಾಕಿಯ ಅರ್ಧ ತಲೆ ಹಾಗೇ ಬಿಟ್ಟು ತಮ್ಮನ್ನು ಹುಡುಕಿಕೊಂಡು ಹೊರಡಲು ಚಪ್ಪಲಿ ಮೆಟ್ಟಿದೆ. ಬದುಕಿ ಉಳಿದ ಮೇಷ್ಟ್ರನ್ನೇ ಸಾಕ್ಷಿಯಾಗಿ ಪಿಟೀಲು ಸಮೇತ ಕರೆದುಕೊಂಡು ಹೋಗುವುದು ಎಂದು ತೀರ್ಮಾನವೂ ಆಯಿತು. ಆಗ ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತು ಹೇಳಿದಳು: "ಅವರು ಹೇಳಿದ್ದು ಸರಿಯಾಗೇ ಇದೆ ರೀ. ವಾರ್ಡಲ್ಲಿ ಮೆಷಿನ್ ಕೈಗೇ ಸಿಗುತ್ತೆ, ಒಂದು ಹನಿ ರಕ್ತ, ಒಂದೇ ಗಳಿಗೆ. ನಮ್ಮಲ್ಲಿ ಮೆಷಿನ್ ಇರಲಿಲ್ಲ, ಅದಕ್ಕೇ ಕಾಯದೆ ಕೊಟ್ಟೆ. ಪ್ರಶ್ನೇಲಿ ವಾರ್ಡ್ ಅಂತ ಬರೆದಿತ್ತು, ನಾನು ನಮ್ಮ ಅಂಗಡಿ ಅಂತ ಓದ್ಕೊಂಡೆ."

ಹೀಗೆ ತಾವು ನನ್ನಿಂದ ಸಿಟ್ಟು ಮಾಡಿಕೊಳ್ಳುವ ಹಕ್ಕನ್ನೂ ಕಸಿದುಕೊಂಡಿರಿ. ತಪ್ಪು ಮಾಡಿದ ಅಧಿಕಾರಿಯನ್ನು ಬೈಯುವುದು ಸುಲಭ; ಸರಿಯಾಗಿರುವ ಅಧಿಕಾರಿಯನ್ನು ಒಬ್ಬ ಬಡಪಾಯಿ ಎಲ್ಲಿಂದ ಹಿಡಿದು ಬೈಯಬೇಕು? ಅದಕ್ಕಾಗಿ ಬೈಗುಳ ಬಿಟ್ಟು, ಕೆಲವು ಬಿನ್ನಹಗಳನ್ನಷ್ಟೇ ಮುಂದಿಡುತ್ತೇನೆ. ತಮ್ಮ ರೋಗಿಗಳು ಯಾವಾಗಲೂ ನಲವತ್ತೈದು ವರ್ಷದ ಪುರುಷರು, ಅವರಿಗೆ ಹೆಂಡತಿಯಿಲ್ಲ, ಕಸುಬಿಲ್ಲ, ನರ್ಸನ್ನು ಒಮ್ಮೆಯೂ ಬೈಯುವುದಿಲ್ಲ. ದಯಮಾಡಿ ಅವರನ್ನು ಒಂದು ದಿನ ನಮ್ಮ ಬೆಂಚಿನ ಮೇಲೆ ಕೂರಲು ಕಳಿಸಿಕೊಡಿ. ನಾಲ್ಕು ಉತ್ತರಗಳ ಕೆಳಗೆ ಐದನೆಯದೊಂದನ್ನು, ಸುತ್ತ ಕೂಗುತ್ತಿರುವವರನ್ನು ಸುಮ್ಮನಿರಿಸುವುದು ಎಂಬುದನ್ನು, ಸೇರಿಸಿಕೊಳ್ಳಿ; ನಾನು ಕಂಡಂತೆ ಅವಳು ಮೊದಲು ಮಾಡಿದ್ದು ಅದೇ. ಸಾಧ್ಯವಾದರೆ, ಪರೀಕ್ಷೆ ಬರೆಯುವವಳ ಗಂಡ ಫಲಿತಾಂಶ ಬರುವತನಕ ಮೊದಲು ಏನು ಮಾಡಬೇಕು ಎಂಬುದನ್ನೂ ತಿಳಿಸಿ. ನಾನು ಅದೇ ಕತ್ತರಿಯನ್ನು ಮತ್ತೆ ಮತ್ತೆ ಮಸೆದು, ಕೊನೆಗೆ ಅದು ನನ್ನ ಮಾತೇ ಕೇಳದಂತಾಯಿತು.

ಅವಳು ಪಾಸಾದಳು. ಎಷ್ಟರಲ್ಲಿ ಪಾಸಾದಳು ಎಂಬುದು ತಮಗೆ ಗೊತ್ತಿರುತ್ತದೆ, ಬೀದಿಯವರಿಗೆ ಗೊತ್ತಾಗುವುದು ಬೇಡ. ನನ್ನ ತಾಯಿ ಸೊಸೆಯ ಬಿಳಿ ಸಮವಸ್ತ್ರಕ್ಕೆ ತಾವೇ ಇಸ್ತ್ರಿ ಹಾಕಿದರು. ಕಳೆದ ಸೋಮವಾರ ವಾರ್ಡಿನ ಮೊದಲ ಪಾಳಿ ಮುಗಿಸಿ ಬಂದವಳು ಮೆಟ್ಟಿಲ ಮೇಲೇ ಕೂತು, ಶೂ ಬಿಚ್ಚಿ, ಪಾದ ಒತ್ತಿಕೊಳ್ಳುತ್ತಿದ್ದಳು. ನಾನು ಗಿರಾಕಿಯನ್ನು ಬಿಟ್ಟು ಓಡಿಹೋಗಿ, "ಯಾರನ್ನ ಮೊದಲು ನೋಡ್ದೆ?" ಎಂದು ಕೇಳಿದೆ. ಅವಳು ತಲೆಯನ್ನು ಗೋಡೆಗೆ ಒರಗಿಸಿ ನಕ್ಕಳು. "ಅಲ್ಲಿ ಎಲ್ರೂ ಮೊದಲನೆಯವರೇ ಕಣ್ರೀ" ಅಂದಳು. ಮತ್ತೆ ಇನ್ನೊಂದು ಪಾದ ಒತ್ತಿಕೊಳ್ಳುತ್ತ, "ಆದ್ರೂ ಒಬ್ಬನ ಉಸಿರು ಸರಿ ಇರಲಿಲ್ಲ. ಅವನ ಹತ್ರ ಹೋದೆ. ಈಗ ಪರವಾಗಿಲ್ಲ" ಅಂದಳು.

ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ. ಅವನ ಪರವಾಗಿ, ಹಲ್ಲು ಕಚ್ಚಿಕೊಂಡು, ತಮಗೆ ಧನ್ಯವಾದ ಹೇಳುತ್ತಿದ್ದೇನೆ.

ಇಷ್ಟೆಲ್ಲ ಆದಮೇಲೂ ತಮ್ಮ ಮೇಲೆ ವಿಶ್ವಾಸ ಇಟ್ಟುಕೊಳ್ಳದೆ ಬೇರೆ ದಾರಿ ಕಾಣದ, ತಮ್ಮ ವಿಶ್ವಾಸಿ,
ನರ್ಸಮ್ಮನ ಗಂಡ

ತಾ.ಕ.: ತಮಗಾಗಿ ನಾನೂ ಒಂದು ಪ್ರಶ್ನೆ ತಯಾರಿಸಿದ್ದೇನೆ. ಪ್ರಶ್ನೆಪತ್ರಿಕೆ ತಯಾರಿಸುವ ಮಹನೀಯರೊಬ್ಬರು ಕ್ಷೌರದ ಕುರ್ಚಿಯಲ್ಲಿ ಕೂತಿದ್ದಾರೆ. ಮುಖದ ತುಂಬ ನೊರೆ, ತಲೆ ಹಿಂದಕ್ಕೆ ಬಾಗಿದೆ, ಹೊಸ ಬ್ಲೇಡು ಗಂಟಲ ಬಳಿ ಬಂದಿದೆ, ಅದನ್ನು ಹಿಡಿದವನು ತಮ್ಮ ಉದ್ಯೋಗವೇನು ಎಂದು ಬಹಳ ವಿನಯದಿಂದ ಕೇಳುತ್ತಿದ್ದಾನೆ. ಅವರು ಮೊದಲು ಏನು ಮಾಡಬೇಕು? ಅಲುಗಾಡದೆ ಇರಬೇಕು, ಉಸಿರು ಬಿಗಿಹಿಡಿಯಬೇಕು, ಬೇರೆ ಉದ್ಯೋಗ ಹೇಳಬೇಕು, ಸತ್ಯವನ್ನೇ ಹೇಳಬೇಕು. ನಾಲ್ಕೂ ಸರಿಯಾದ ಉತ್ತರಗಳೇ. ಒಂದು ಮಾತ್ರ ಉಳಿದವುಗಳಿಗಿಂತ ಹೆಚ್ಚು ಸರಿ. ಅಂಗಡಿ ಮಂಗಳವಾರ ಬಿಟ್ಟು ಎಲ್ಲ ದಿನವೂ ತೆರೆದಿರುತ್ತದೆ.